ಒಂದು ಲ್ಯಾಟಿನ್ ಧಾತು, ನೂರಾರು ಇಂಗ್ಲಿಷ್ ಪದ: ‘ಸ್ಪೆಕ್ಟ್’ ಕುಟುಂಬವನ್ನು ಹಂತ ಹಂತವಾಗಿ ಕಲಿಯುವ ಬಗೆ

ನಿರೀಕ್ಷೆ, ಪರೀಕ್ಷೆ, ಸಮೀಕ್ಷೆ, ಉಪೇಕ್ಷೆ, ವೀಕ್ಷಕ, ಪ್ರೇಕ್ಷಕ. ಈ ಪದಗಳನ್ನು ಯಾರೂ ಪಟ್ಟಿ ಮಾಡಿ ಬಾಯಿಪಾಠ ಮಾಡಿಲ್ಲ. ಆದರೂ ಎಲ್ಲರಿಗೂ ಗೊತ್ತು. ಒಂದನ್ನು ಇನ್ನೊಂದರ ಜೊತೆ ಕಲಸಿಕೊಳ್ಳುವುದೂ ಇಲ್ಲ. ಆರರಲ್ಲೂ ಇರುವುದು ‘ಈಕ್ಷ್’ ಎಂಬ ಒಂದೇ ಧಾತು. ಅದರ ಅರ್ಥ ‘ನೋಡು’. ಮುಂದೆ ಸೇರಿದ ನಿರ್, ಪರಿ, ಸಮ್, ಉಪ, ವಿ, ಪ್ರ ಎಂಬ ಚಿಕ್ಕ ತುಂಡುಗಳು ಆ ನೋಟವನ್ನು ಬೇರೆ ಬೇರೆ ಕಡೆ ತಿರುಗಿಸುತ್ತವೆ. ಅಷ್ಟೇ.

ಇಂಗ್ಲಿಷ್‌ನಲ್ಲೂ ಇದೇ ಆಟ ಇದೆ. ಅಲ್ಲಿ ‘ನೋಡು’ ಎಂಬ ಕೆಲಸ ಮಾಡುವುದು ಲ್ಯಾಟಿನ್‌ನ ‘ಸ್ಪೆಕ್ಟ್’. ಇನ್‌ಸ್ಪೆಕ್ಟ್, ರೆಸ್ಪೆಕ್ಟ್, ಸಸ್ಪೆಕ್ಟ್, ಎಕ್ಸ್‌ಪೆಕ್ಟ್, ಪ್ರಾಸ್ಪೆಕ್ಟಸ್, ಸ್ಪೆಕ್ಟೇಟರ್, ಸ್ಪೆಷಲ್ ಎಲ್ಲವೂ ಈ ಮನೆಯವೇ. ಬಿಡಿ ಪದಗಳನ್ನು ಗುಡ್ಡೆ ಹಾಕಿಕೊಂಡು ಉರು ಹೊಡೆಯುವ ಬದಲು ಹೀಗೆ ಒಂದು ಕುಟುಂಬವನ್ನೇ ಪೂರ್ತಿ ಪರಿಚಯ ಮಾಡಿಕೊಂಡರೆ ಪದಗಳು ಒಂದನ್ನೊಂದು ನೆನಪಿಸುತ್ತವೆ. ಈ ಮಾರ್ಗದರ್ಶಿಯಲ್ಲಿ ‘ಸ್ಪೆಕ್ಟ್’ ಒಂದನ್ನೇ ಹಿಡಿದು ಕೊನೆಯವರೆಗೂ ಹೋಗೋಣ. ಇದೇ ದಾರಿಯನ್ನು ಬೇರೆ ಧಾತುಗಳಿಗೂ ಬಳಸಬಹುದು.

ಹಂತ 1: ಧಾತುವಿನ ಮೂರು ಮುಖ ಗುರುತಿಸಿ

ಲ್ಯಾಟಿನ್‌ನಲ್ಲಿ ‘ಸ್ಪೆಕೆರೆ’ ಎಂದರೆ ನೋಡುವುದು. ಅದೇ ಮೂಲದ ‘ಸ್ಪೆಕ್ಟಾರೆ’ ಎಂದರೆ ಮತ್ತೆ ಮತ್ತೆ ನೋಡುವುದು, ಕಣ್ಣಿಟ್ಟು ನೋಡುತ್ತಾ ಇರುವುದು. ಇಂಗ್ಲಿಷ್‌ಗೆ ಬಂದಾಗ ಈ ಧಾತು ಮೂರು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ಮೊದಲನೆಯದು ‘ಸ್ಪೆಕ್ಟ್’. ಅತಿ ಹೆಚ್ಚು ಪದಗಳಲ್ಲಿ ಇರುವುದು ಇದೇ. ಎರಡನೆಯದು ‘ಸ್ಪೆಕ್’ ಅಥವಾ ‘ಸ್ಪೆಸ್’. ಸ್ಪೆಸಿಮೆನ್, ಸ್ಪೆಸಿಫಿಕ್, ಸ್ಪೀಷೀಸ್, ಸ್ಪೆಕ್ಯುಲೇಟ್ ಪದಗಳಲ್ಲಿ ಇದು ಸಿಗುತ್ತದೆ. ಮೂರನೆಯದು ‘ಸ್ಪಿಕ್’. ಲ್ಯಾಟಿನ್‌ನಲ್ಲಿ ಮುಂದೆ ಉಪಸರ್ಗ ಸೇರಿದಾಗ ಧಾತುವಿನ ಒಳಗಿನ ‘ಎ’ ಸ್ವರ ಎಷ್ಟೋ ಸಲ ಸೊರಗಿ ‘ಇ’ ಆಗುತ್ತಿತ್ತು. ಅದಕ್ಕೇ ಕನ್‌ಸ್ಪಿಕ್ಯುಯಸ್, ಸಸ್ಪಿಷಸ್, ಆಸ್ಪಿಷಸ್ ಪದಗಳಲ್ಲಿ ‘ಇ’ ಇದೆ.

ಮೂರನೆಯ ರೂಪವನ್ನು ಗುರುತಿಸದವರಿಗೆ ಕುಟುಂಬದ ಅರ್ಧ ಜನ ಅಪರಿಚಿತರಾಗಿಯೇ ಉಳಿಯುತ್ತಾರೆ. ಹೊಸ ಪದದಲ್ಲಿ ಎಸ್-ಪಿ ಪಕ್ಕ ಪಕ್ಕ ಬಂದು, ನಂತರ ಇ (e) ಅಥವಾ ಐ (i) ಅಕ್ಷರ, ಆಮೇಲೆ ಸಿ (c) ಬಂದರೆ ಒಮ್ಮೆ ನಿಂತು ನೋಡಿ.

ಹಂತ 2: ಉಪಸರ್ಗಗಳನ್ನು ದಿಕ್ಕುಗಳಾಗಿ ಕಲಿಯಿರಿ

ಉಪಸರ್ಗ ಎಂದರೆ ಇಲ್ಲಿ ಕಣ್ಣು ಯಾವ ಕಡೆ ತಿರುಗಿದೆ ಎನ್ನುವುದು. ಇಷ್ಟು ಸಾಕು:

ಇನ್ – ಒಳಗೆ
ಎಕ್ಸ್ – ಹೊರಗೆ
ರೀ – ಹಿಂದಕ್ಕೆ, ಮತ್ತೆ
ಪ್ರೊ – ಮುಂದಕ್ಕೆ
ರೆಟ್ರೋ – ಹಿಂದಕ್ಕೆ, ಕಳೆದ ಕಾಲದ ಕಡೆಗೆ
ಇಂಟ್ರೋ – ಒಳಮುಖವಾಗಿ
ಸರ್ಕಮ್ – ಸುತ್ತಲೂ
ಪರ್ – ಮೂಲಕ, ಆರಪಾರ
ಸಬ್ – ಕೆಳಗಿನಿಂದ
ಡಿ – ಕೆಳಕ್ಕೆ
ಆ್ಯಡ್ – ಕಡೆಗೆ

ಇದನ್ನು ಓದುವಾಗ ಕೈಯಲ್ಲೇ ಆಯಾ ದಿಕ್ಕು ತೋರಿಸಿ. ಮಕ್ಕಳಾಟ ಅನ್ನಿಸಬಹುದು, ಆದರೆ ಪಟ್ಟಿ ಬೇಗ ತಲೆಗೆ ಹತ್ತುತ್ತದೆ. ಈ ಹನ್ನೊಂದು ಉಪಸರ್ಗಗಳು ಸ್ಪೆಕ್ಟ್ ಜೊತೆಗಷ್ಟೇ ಇರುವವೂ ಅಲ್ಲ. ಇಂಗ್ಲಿಷ್‌ನ ಸಾವಿರಾರು ಪದಗಳ ತಲೆಬಾಗಿಲಲ್ಲಿ ಇವೇ ನಿಂತಿರುತ್ತವೆ.

ಹಂತ 3: ನೇರ ಪದಗಳಿಂದ ಶುರು ಮಾಡಿ, ವಾರೆ ಪದಗಳಿಗೆ ಹೋಗಿ

ಕೆಲವು ಪದಗಳಲ್ಲಿ ತುಂಡುಗಳನ್ನು ಜೋಡಿಸಿದರೆ ಸಾಕು, ಅರ್ಥ ಎದುರಿಗೇ ಇರುತ್ತದೆ. ಇನ್‌ಸ್ಪೆಕ್ಟ್: ಒಳಹೊಕ್ಕು ನೋಡು, ತಪಾಸಣೆ ಮಾಡು. ಇಂಟ್ರೋಸ್ಪೆಕ್ಷನ್: ಒಳಮುಖವಾಗಿ ನೋಡಿಕೊಳ್ಳುವುದು, ಅಂದರೆ ಆತ್ಮಾವಲೋಕನ. ರೆಟ್ರೋಸ್ಪೆಕ್ಟ್: ಹಿಂದಕ್ಕೆ ನೋಡುವುದು. ನಮ್ಮಲ್ಲಿ ಇದಕ್ಕೆ ಸಿಂಹಾವಲೋಕನ ಎಂಬ ಸೊಗಸಾದ ಪದ ಇದೆ. ಹಿಂದಿನ ದಿನಾಂಕದಿಂದಲೇ ಜಾರಿಗೆ ಬರುವ ಕಾನೂನಿಗೆ ರೆಟ್ರೋಸ್ಪೆಕ್ಟಿವ್ ಎನ್ನುವುದೂ ಇದೇ ಕಾರಣಕ್ಕೆ. ಪ್ರಾಸ್ಪೆಕ್ಟ್: ಮುಂದೆ ಕಾಣುವುದು, ಮುಂದಿನ ಸಾಧ್ಯತೆ. ಕಾಲೇಜಿಗೆ ಸೇರುವ ಮುಂಚೆ ಕೈಗೆ ಕೊಡುವ ಪ್ರಾಸ್ಪೆಕ್ಟಸ್ ಮುಂದೆ ಏನು ಸಿಗುತ್ತದೆ ಎಂದು ತೋರಿಸುತ್ತದೆ. ಸರ್ಕಮ್‌ಸ್ಪೆಕ್ಟ್: ಸುತ್ತಮುತ್ತ ನೋಡಿ ಹೆಜ್ಜೆ ಇಡುವ, ಅಂದರೆ ಎಚ್ಚರಿಕೆಯ ಮನುಷ್ಯ.

ಇನ್ನು ಕೆಲವು ಪದಗಳಲ್ಲಿ ಅರ್ಥ ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದೆ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ರೆಸ್ಪೆಕ್ಟ್ ಎಂದರೆ ಮೂಲದಲ್ಲಿ ಹಿಂತಿರುಗಿ ನೋಡುವುದು. ಯಾರಾದರೂ ಹಾದುಹೋದಾಗ ತಿರುಗಿ ನೋಡುತ್ತೇವೆ ಎಂದರೆ ಅವರನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ ಎಂದರ್ಥ. ಗೌರವ ಎಂಬ ಅರ್ಥ ಬಂದದ್ದು ಅಲ್ಲಿಂದ. ‘ಲೆಕ್ಕಕ್ಕೆ ತೆಗೆದುಕೊಳ್ಳುವುದು’ ಎಂಬ ಹಳೆಯ ಅರ್ಥವೂ ಸತ್ತಿಲ್ಲ. ‘ವಿತ್ ರೆಸ್ಪೆಕ್ಟ್ ಟು’ ಎಂದರೆ ‘ಇದಕ್ಕೆ ಸಂಬಂಧಿಸಿದಂತೆ’. ‘ಇರ್‌ರೆಸ್ಪೆಕ್ಟಿವ್ ಆಫ್’ ಎಂದರೆ ‘ಅದನ್ನು ಲೆಕ್ಕಿಸದೆ’. ಇವೆರಡರಲ್ಲೂ ಗೌರವದ ಮಾತೇ ಇಲ್ಲ.

ಸಸ್ಪೆಕ್ಟ್‌ನಲ್ಲಿ ನೋಟ ಕೆಳಗಿನಿಂದ ಬರುತ್ತದೆ. ತಲೆ ಬಗ್ಗಿಸಿಕೊಂಡೇ ಕಣ್ಣನ್ನಷ್ಟೇ ಮೇಲೆತ್ತಿ ಒಬ್ಬರನ್ನು ನೋಡಿ. ಮುಖದಲ್ಲಿ ತಾನಾಗಿಯೇ ಸಂಶಯ ಮೂಡುತ್ತದೆ, ಅಲ್ವಾ? ಡಿಸ್ಪೈಸ್ ಇದಕ್ಕೆ ತಿರುವುಮುರುವು. ಅಲ್ಲಿ ನೋಟ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಅದು ತಿರಸ್ಕಾರ.

ಎಕ್ಸ್‌ಪೆಕ್ಟ್ ನನಗೆ ಈ ಇಡೀ ಮನೆಯಲ್ಲೇ ಇಷ್ಟವಾದ ಪದ. ಎಕ್ಸ್ ಎಂದರೆ ಹೊರಗೆ. ಬರುವವರಿಗಾಗಿ ಹೊರಗೆ ಕಣ್ಣು ಹಾಯಿಸುವುದು. ಈಗ ‘ನಿರೀಕ್ಷೆ’ ಬಿಡಿಸಿ ನೋಡಿ. ನಿರ್ ಎಂದರೆ ಹೊರಗೆ, ಈಕ್ಷೆ ಎಂದರೆ ನೋಟ. ಲ್ಯಾಟಿನ್ ಮತ್ತು ಸಂಸ್ಕೃತ ಎರಡೂ ಒಂದೇ ಜಾಗಕ್ಕೆ ಬಂದು ನಿಂತಿವೆ. ಇನ್ನೊಂದು ಸಂಗತಿ ಇದೆ. ಲ್ಯಾಟಿನ್‌ನ ‘ಸ್ಪೆಕ್’ ಮತ್ತು ಸಂಸ್ಕೃತದ ‘ಪಶ್ಯ’ ಇವೆರಡೂ ದೂರದ ದಾಯಾದಿಗಳು ಎಂದು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಗೂಢಚಾರ ಎಂಬ ಅರ್ಥದ ಇಂಗ್ಲಿಷ್‌ನ ‘ಸ್ಪೈ’ ಕೂಡ ಅದೇ ಹಳೆಯ ಬೇರಿನದು. ಅದು ಜರ್ಮಾನಿಕ್ ಭಾಷೆಗಳಿಂದ ಫ್ರೆಂಚಿಗೆ ಹೋಗಿ ಅಲ್ಲಿಂದ ಇಂಗ್ಲಿಷ್‌ಗೆ ಬಂತು.

ಹಂತ 4: ಬಾಲ ಬದಲಿಸಿ ಪದ ಬೆಳೆಸಿ

ಹಿಂದೆ ಸೇರುವ ಪ್ರತ್ಯಯಗಳು ಪದದ ಕೆಲಸವನ್ನು ಬದಲಿಸುತ್ತವೆ. ಇನ್‌ಸ್ಪೆಕ್ಟ್ ಕ್ರಿಯೆ, ಇನ್‌ಸ್ಪೆಕ್ಟರ್ ಮಾಡುವವನು, ಇನ್‌ಸ್ಪೆಕ್ಷನ್ ಆ ಕೆಲಸ. ಇದು ಸುಲಭ.

ಎಲ್ಲ ಪದಕ್ಕೂ ಒಂದೇ ಬಾಲ ಅಂಟಿಸಲು ಹೋದಾಗ ಎಡವುತ್ತೇವೆ. ಇನ್‌ಸ್ಪೆಕ್ಷನ್ ಇದೆ, ಹಾಗಾದರೆ ‘ಎಕ್ಸ್‌ಪೆಕ್ಷನ್’ ಇರಬೇಕಲ್ಲ ಎಂದು ತುಂಬಾ ಜನ ಹಾಗೇ ಬರೆಯುತ್ತಾರೆ. ಅಂಥ ಪದ ಇಲ್ಲ. ಇರುವುದು ಎಕ್ಸ್‌ಪೆಕ್ಟೇಷನ್. ಕಾರಣ ಮೊದಲ ಹಂತದಲ್ಲೇ ಇದೆ. ಎಕ್ಸ್‌ಪೆಕ್ಟ್ ಹುಟ್ಟಿದ್ದು ‘ಸ್ಪೆಕ್ಟಾರೆ’ಯಿಂದ, ಆ ‘ಆ’ ಸ್ವರ ಎಕ್ಸ್‌ಪೆಕ್ಟೇಷನ್‌ನ ನಡುವೆ ಇನ್ನೂ ಕೂತಿದೆ. ಹಾಗೆಯೇ ಸಸ್ಪೆಕ್ಟ್‌ಗೆ ‘ಸಸ್ಪೆಕ್ಷನ್’ ಇಲ್ಲ, ಸಸ್ಪಿಷನ್ ಇದೆ. ರೆಸ್ಪೆಕ್ಟ್‌ಗೆ ಯಾವ ಬಾಲವೂ ಬೇಡ, ಅದೇ ಕ್ರಿಯೆ, ಅದೇ ನಾಮಪದ.

ರೆಸ್ಪೆಕ್ಟ್‌ನ ಮೂರು ವಿಶೇಷಣಗಳನ್ನು ಬಿಡಿಸಿಟ್ಟುಕೊಳ್ಳಿ. ರೆಸ್ಪೆಕ್ಟ್‌ಫುಲ್ ಎಂದರೆ ಗೌರವ ಕೊಡುವವರು. ರೆಸ್ಪೆಕ್ಟಬಲ್ ಎಂದರೆ ಗೌರವಕ್ಕೆ ತಕ್ಕವರು, ಮರ್ಯಾದಸ್ಥರು. ರೆಸ್ಪೆಕ್ಟಿವ್ ಎಂದರೆ ‘ಆಯಾ’, ‘ತಮ್ಮ ತಮ್ಮ’. ಎಲ್ಲರೂ ತಮ್ಮ ತಮ್ಮ ಕೋಣೆಗೆ ಹೋದರು ಎನ್ನುವಾಗ ಬರುವುದು ಇದು. ಪತ್ರದ ಕೊನೆಗೆ ‘ಯುವರ್ಸ್ ರೆಸ್ಪೆಕ್ಟಿವ್‌ಲಿ’ ಎಂದು ಬರೆದರೆ ‘ಆಯಾ ಕ್ರಮದಲ್ಲಿ ನಿಮ್ಮವನು’ ಎಂದಂತಾಗುತ್ತದೆ. ಅಲ್ಲಿ ಬೇಕಿರುವುದು ‘ರೆಸ್ಪೆಕ್ಟ್‌ಫುಲಿ’.

ಹಂತ 5: ಸ್ಪೆಲ್ಲಿಂಗ್ ತಪ್ಪಿಗೆ ಸಂಧಿಯೇ ಮದ್ದು

ಉಪ ಮತ್ತು ಈಕ್ಷೆ ಸೇರಿದರೆ ‘ಉಪಈಕ್ಷೆ’ ಎನ್ನುವುದಿಲ್ಲ, ಉಪೇಕ್ಷೆ ಎನ್ನುತ್ತೇವೆ. ಲ್ಯಾಟಿನ್‌ನಲ್ಲೂ ತುಂಡುಗಳು ಸೇರುವ ಜಾಗದಲ್ಲಿ ಅಕ್ಷರ ಬೀಳುತ್ತದೆ, ಬದಲಾಗುತ್ತದೆ.

ಎಕ್ಸ್‌ಪೆಕ್ಟ್ ಬರೆಯುವಾಗ ಎಕ್ಸ್ ಅಕ್ಷರದ ನಂತರ ಎಸ್ ಬರುವುದಿಲ್ಲ. ಎಕ್ಸ್‌ನ ಉಚ್ಚಾರಣೆಯ ಕೊನೆಯಲ್ಲೇ ಸಕಾರ ಇದೆ, ಧಾತುವಿನ ಎಸ್ ಅದರಲ್ಲೇ ಕರಗಿ ಹೋಗಿದೆ. ಆಸ್ಪೆಕ್ಟ್‌ನಲ್ಲಿ ಆ್ಯಡ್‌ನ ಡಿ ಬಿದ್ದುಹೋಗಿದೆ. ಸಸ್ಪೆಕ್ಟ್‌ನಲ್ಲಿ ಸಬ್‌ನ ಬಿ ಬಿದ್ದಿದೆ. ಇರ್‌ರೆಸ್ಪೆಕ್ಟಿವ್‌ನಲ್ಲಿ ‘ಅಲ್ಲ’ ಎಂಬ ಅರ್ಥದ ಇನ್, ಮುಂದಿನ ಆರ್‌ಗೆ ಹೊಂದಿಕೊಂಡು ತಾನೂ ಇರ್ ಆಗಿದೆ. ಅದಕ್ಕೇ ಅಲ್ಲಿ ಎರಡು ಆರ್. ‘ಇರ್‌ರೆಗ್ಯುಲರ್’, ‘ಇರ್‌ರೆಸ್ಪಾನ್ಸಿಬಲ್’ ಪದಗಳಲ್ಲೂ ಇದೇ ನಡೆದಿದೆ.

ಉಚ್ಚಾರಣೆ ಬಗ್ಗೆ ಒಂದು ಮಾತು. ಸಸ್ಪೆಕ್ಟ್ ಕ್ರಿಯಾಪದವಾದರೆ ಒತ್ತು ‘ಸ್ಪೆಕ್ಟ್’ ಮೇಲೆ. ಶಂಕಿತ ವ್ಯಕ್ತಿ ಎಂಬ ನಾಮಪದವಾದರೆ ಒತ್ತು ಮೊದಲ ‘ಸಸ್’ ಮೇಲೆ. ರೆಸ್ಪೆಕ್ಟ್‌ಗೆ ಈ ಗಲಾಟೆ ಇಲ್ಲ. ಎರಡರಲ್ಲೂ ಒತ್ತು ಕೊನೆಗೇ.

ಹಂತ 6: ಕನ್ನಡದ ಮೂಲಕ ಯೋಚಿಸುವಾಗ ಕಾಲು ಜಾರುವ ಜಾಗಗಳು

ಅರ್ಥ ಗೊತ್ತಿದ್ದರೆ ಬಳಕೆ ಗೊತ್ತು ಎಂದಲ್ಲ. ಎರಡು ಪದಗಳನ್ನು ಹತ್ತಿರದಿಂದ ನೋಡೋಣ.

ಮೊದಲು ಸಸ್ಪೆಕ್ಟ್ ಮತ್ತು ಡೌಟ್. ಕನ್ನಡದಲ್ಲಿ ‘ಅನುಮಾನ’ ಎರಡಕ್ಕೂ ಆಗುತ್ತದೆ. ‘ಅವನಿಗೆ ಹುಷಾರಿಲ್ಲ ಅಂತ ನನಗೆ ಅನುಮಾನ’ ಎಂದರೆ ಹುಷಾರಿಲ್ಲದೆ ಇರಬಹುದು ಎಂದು ನಂಬಿದ್ದೇನೆ. ಇದನ್ನೇ ಇಂಗ್ಲಿಷ್‌ನಲ್ಲಿ ‘ಐ ಡೌಟ್ ಹಿ ಈಸ್ ಇಲ್’ ಎಂದರೆ ಅರ್ಥ ಉಲ್ಟಾ ಹೊಡೆಯುತ್ತದೆ. ‘ಅವನಿಗೆ ಹುಷಾರಿಲ್ಲ ಎನ್ನುವುದನ್ನು ನಾನು ನಂಬುವುದಿಲ್ಲ’ ಎಂದಾಗುತ್ತದೆ. ಬೇಕಿದ್ದದ್ದು ‘ಐ ಸಸ್ಪೆಕ್ಟ್ ಹಿ ಈಸ್ ಇಲ್’. ಧಾತು ನೆನಪಿದ್ದರೆ ಇದು ಗೊಂದಲ ಆಗುವುದಿಲ್ಲ. ಸಸ್ಪೆಕ್ಟ್‌ನಲ್ಲಿ ನೋಟ ಇದೆ: ಏನೋ ಸುಳಿವು ಕಂಡಿದೆ, ಹಾಗೇ ಇರಬೇಕು ಎಂದು ಮನಸ್ಸು ಹೇಳುತ್ತಿದೆ. ಡೌಟ್ ಬಂದದ್ದು ಲ್ಯಾಟಿನ್‌ನ ‘ಎರಡು’ ಎಂಬ ಪದದ ಕಡೆಯಿಂದ. ಅಲ್ಲಿ ಮನಸ್ಸು ಎರಡಾಗಿದೆ, ಒಪ್ಪುತ್ತಿಲ್ಲ.

ಎರಡನೆಯದು ಎಕ್ಸ್‌ಪೆಕ್ಟ್. ‘ನಿಮ್ಮ ಉತ್ತರದ ನಿರೀಕ್ಷೆಯಲ್ಲಿದ್ದೇನೆ’ ಎನ್ನುವುದು ಕನ್ನಡದಲ್ಲಿ ವಿನಯದ ಮಾತು. ‘ಐ ಆಮ್ ಎಕ್ಸ್‌ಪೆಕ್ಟಿಂಗ್ ಯುವರ್ ರಿಪ್ಲೈ’ ಎಂದು ಬರೆದರೆ ಅದು ‘ಉತ್ತರ ಕೊಡಲೇಬೇಕು’ ಎಂಬ ಧಾಟಿಗೆ ಹೋಗಿಬಿಡುತ್ತದೆ. ವಿನಯ ಬೇಕಾದರೆ ‘ಲುಕ್ ಫಾರ್ವರ್ಡ್ ಟು’ ಬಳಸಿ. ಅಲ್ಲೂ ನೋಡುವ ಮಾತೇ ಇದೆ ನೋಡಿ. ಬಸ್ಸಿಗೆ ಕಾಯುವಾಗ ವೇಟ್, ಇನ್ನೇನು ಬರುತ್ತದೆ ಎಂದು ಮನಸ್ಸಿನಲ್ಲಿ ಅಂದುಕೊಂಡಾಗ ಎಕ್ಸ್‌ಪೆಕ್ಟ್.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಇನ್‌ಸ್ಪೆಕ್ಟ್ ಆದಮೇಲೆ ‘ಆನ್’, ‘ಅಬೌಟ್’ ಏನೂ ಬೇಡ. ಸಸ್ಪಿಷಸ್ ನಂತರ ಸಾಮಾನ್ಯವಾಗಿ ‘ಆಫ್’. ರೆಸ್ಪೆಕ್ಟ್ ನಾಮಪದವಾದರೆ ‘ಫಾರ್’. ಪ್ರಾಸ್ಪೆಕ್ಟಿವ್ ಎಂದರೆ ಮುಂದೆ ಆಗಬಹುದಾದ, ಪರ್ಸ್ಪೆಕ್ಟಿವ್ ಎಂದರೆ ನೋಡುವ ಕೋನ. ಮೊದಲಿನ ಉಪಸರ್ಗ ನೋಡಿದರೆ ಇವೆರಡೂ ಅದಲುಬದಲು ಆಗುವುದಿಲ್ಲ. ಆಸ್ಪಿಷಸ್ ಮತ್ತು ಸಸ್ಪಿಷಸ್ ವಿಷಯದಲ್ಲಿ ಮಾತ್ರ ಜೋಪಾನ. ಮೊದಲನೆಯದು ಶುಭ, ಎರಡನೆಯದು ಶಂಕೆ. ಶುಭ ಸಂದರ್ಭ ಎಂದು ಬರೆಯಲು ಹೋಗಿ ಒಂದು ಅಕ್ಷರ ತಪ್ಪಿದರೆ ಓದುವವರು ನಗುತ್ತಾರೆ.

ಹಂತ 7: ವೇಷ ಮರೆಸಿಕೊಂಡ ನೆಂಟರು

1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ಇಂಗ್ಲಿಷ್‌ಗೆ ಪ್ರವಾಹದ ಹಾಗೆ ನುಗ್ಗಿದವು. ಫ್ರೆಂಚ್ ಲ್ಯಾಟಿನ್‌ನ ಮಗಳು. ಆದರೆ ಅಷ್ಟು ಹೊತ್ತಿಗೆ ಜನರ ಬಾಯಲ್ಲಿ ಸವೆದು ಪದಗಳ ಆಕಾರ ಬದಲಾಗಿತ್ತು. ಮುಂದೆ ವಿದ್ವಾಂಸರು ಪುಸ್ತಕದ ಲ್ಯಾಟಿನ್‌ನಿಂದ ನೇರವಾಗಿ ಇನ್ನಷ್ಟು ಪದ ತಂದರು. ಹೀಗೆ ಒಂದೇ ಧಾತುವಿನ ಪದಗಳು ಎರಡು ಬಾಗಿಲಿನಿಂದ ಒಳಗೆ ಬಂದಿವೆ. ಇನ್‌ಸ್ಪೆಕ್ಟ್, ಸ್ಪೆಕ್ಟೇಟರ್ ನೋಡಿದ ತಕ್ಷಣ ಗುರುತು ಸಿಗುತ್ತವೆ. ಫ್ರೆಂಚಿನ ಬಾಗಿಲಿನಿಂದ ಬಂದ ಕೆಲವು ಸಿಗುವುದಿಲ್ಲ.

ಡಿಸ್ಪೈಸ್ ಅಂಥದ್ದು. ‘ಹಾಗಿದ್ದರೂ’ ಎನ್ನುವ ಡಿಸ್ಪೈಟ್ ಕೂಡ ಅದೇ ಕೆಳಮುಖ ನೋಟದಿಂದ ಬಂದದ್ದು. ಅದರ ತಲೆ ಕತ್ತರಿಸಿದರೆ ಸ್ಪೈಟ್, ಅಂದರೆ ಹಗೆ. ಸ್ವಲ್ಪ ಬಿಡುವು ಎಂಬ ಅರ್ಥದ ರೆಸ್ಪಿಟ್, ರೆಸ್ಪೆಕ್ಟ್‌ನ ಒಡಹುಟ್ಟು. ಇನ್ನೂ ಆಶ್ಚರ್ಯ ಬೇಕಾದರೆ ಸ್ಪೈಸ್ ಇದೆ. ಲ್ಯಾಟಿನ್‌ನಲ್ಲಿ ‘ಸ್ಪೀಷೀಸ್’ ಎಂದರೆ ಮೊದಲು ನೋಟ, ರೂಪ. ಆಮೇಲೆ ಒಂದು ಬಗೆ, ಒಂದು ಜಾತಿ. ಕೊನೆಕೊನೆಗೆ ಬಗೆಬಗೆಯ ಸರಕು ಎಂಬ ಅರ್ಥವೂ ಬಂತು. ವ್ಯಾಪಾರಿಗಳು ತರುತ್ತಿದ್ದ ಆ ಸರಕೇ ಹಳೆಯ ಫ್ರೆಂಚಿನಲ್ಲಿ ‘ಎಸ್ಪಿಸ್’ ಆಗಿ, ಇಂಗ್ಲಿಷ್‌ನಲ್ಲಿ ಸ್ಪೈಸ್ ಆಯಿತು. ಜೀವಶಾಸ್ತ್ರದ ಸ್ಪೀಷೀಸ್ ಮತ್ತು ಮಸಾಲೆ ಡಬ್ಬಿಯ ಸ್ಪೈಸ್ ಒಂದೇ ಪದದ ಎರಡು ಅವತಾರ.

ಆಸ್ಪಿಷಸ್‌ನಲ್ಲಿ ಒಂದು ಹಕ್ಕಿ ಅಡಗಿದೆ. ಲ್ಯಾಟಿನ್‌ನಲ್ಲಿ ‘ಆವಿಸ್’ ಎಂದರೆ ಹಕ್ಕಿ. ರೋಮನ್ನರು ಮುಖ್ಯ ಕೆಲಸಕ್ಕೆ ಕೈ ಹಾಕುವ ಮುಂಚೆ ಹಕ್ಕಿಗಳ ಹಾರಾಟ ನೋಡಿ ಶಕುನ ಹೇಳಿಸುತ್ತಿದ್ದರು. ಹಕ್ಕಿ ನೋಡುವುದೇ ಶುಭ ಎಂಬ ಅರ್ಥಕ್ಕೆ ತಿರುಗಿತು. ಸಂಸ್ಕೃತದಲ್ಲಿ ‘ಶಕುನ’ ಎಂದರೂ ಹಕ್ಕಿಯೇ!

ಸ್ಪೆಕ್ಯುಲೇಟ್ ಬಂದದ್ದು ‘ಸ್ಪೆಕ್ಯುಲಾ’ದಿಂದ, ಅಂದರೆ ಕಾವಲು ಗೋಪುರ. ಎತ್ತರದಲ್ಲಿ ನಿಂತು ದೂರದಲ್ಲಿ ಏನು ಬರುತ್ತಿದೆ ಎಂದು ಊಹಿಸುವುದು. ಷೇರು ಮಾರುಕಟ್ಟೆಯ ಸ್ಪೆಕ್ಯುಲೇಷನ್‌ಗೆ ಈ ಚಿತ್ರ ಚೆನ್ನಾಗಿಯೇ ಹೊಂದುತ್ತದೆ. ಸ್ಪೆಕ್ಟ್ರಮ್ ಎಂದರೆ ಲ್ಯಾಟಿನ್‌ನಲ್ಲಿ ಕಾಣಿಸಿಕೊಂಡದ್ದು, ಆಕೃತಿ, ದೆವ್ವ ಕೂಡ. ಭೂತ ಎಂಬ ಅರ್ಥದ ಸ್ಪೆಕ್ಟರ್ ಅದರ ಜೊತೆಗಾರ. ಐಸಾಕ್ ನ್ಯೂಟನ್ 1672ರಲ್ಲಿ ಪ್ರಕಟವಾದ ತನ್ನ ಬೆಳಕಿನ ಲೇಖನದಲ್ಲಿ, ಪಟ್ಟಕದಿಂದ ಗೋಡೆ ಮೇಲೆ ಬಿದ್ದ ಬಣ್ಣಗಳ ಪಟ್ಟಿಗೆ ಈ ಪದ ಬಳಸಿದ. ದೆವ್ವದ ಪದ ಭೌತಶಾಸ್ತ್ರಕ್ಕೆ ಸೇರಿತು.

ಟೆಲಿಸ್ಕೋಪ್, ಮೈಕ್ರೋಸ್ಕೋಪ್ ಪದಗಳ ‘ಸ್ಕೋಪ್’ ಗ್ರೀಕ್‌ನದು. ಆ ಹಳೆಯ ಬೇರಿನ ‘ಪ’ ಮತ್ತು ‘ಕ’ ಗ್ರೀಕ್‌ನಲ್ಲಿ ಜಾಗ ಬದಲಿಸಿಕೊಂಡಿವೆ. ಹಾಗಾಗಿ ಇವೂ ದೂರದ ನೆಂಟರೇ.

ಹಂತ 8: ಸುಳ್ಳು ನೆಂಟರನ್ನು ಹೊರಗಿಡಿ

ಧಾತು ಕಲಿತವರಿಗೆ ಎಲ್ಲೆಲ್ಲೂ ಅದೇ ಕಾಣುವ ರೋಗ ಬರುತ್ತದೆ. ಸ್ಪೆಕ್, ಅಂದರೆ ಚಿಕ್ಕ ಚುಕ್ಕೆ, ಹಳೆಯ ಇಂಗ್ಲಿಷ್‌ನ ಸ್ವಂತ ಪದ. ಇದಕ್ಕೂ ನೋಟಕ್ಕೂ ಸಂಬಂಧವಿಲ್ಲ. ಹಾಸ್ಪಿಸ್‌ನ ಅಕ್ಷರಗಳಲ್ಲಿ ಸ್ಪೈಸ್ ಕೂತಂತೆ ಕಾಣುತ್ತದೆ, ಆದರೆ ಅದು ಹಾಸ್ಪಿಟಲ್, ಹೋಟೆಲ್‌ಗಳ ಮನೆಯದು. ಎದೆಗೆ ಸಂಬಂಧಿಸಿದ ಪೆಕ್ಟೋರಲ್ ಕೂಡ ಬೇರೆ.

ಸಂಶಯ ಬಂದರೆ ನಿಘಂಟು ತೆರೆಯಿರಿ. ಒಳ್ಳೆಯ ಇಂಗ್ಲಿಷ್ ನಿಘಂಟಿನಲ್ಲಿ ಪದದ ಹುಟ್ಟಿನ ವಿವರ ಸಾಮಾನ್ಯವಾಗಿ ನಮೂದಿನ ಶುರುವಿನಲ್ಲೋ ಕೊನೆಯಲ್ಲೋ ಇರುತ್ತದೆ. ಬಹಳಷ್ಟು ಜನ ಆ ಸಾಲನ್ನು ಹಾರಿಸಿಬಿಡುತ್ತಾರೆ. ಅದನ್ನೇ ಮೊದಲು ಓದಿ. ‘ಎಲ್’ ಎಂದಿದ್ದರೆ ಲ್ಯಾಟಿನ್, ‘ಓಎಫ್’ ಎಂದಿದ್ದರೆ ಹಳೆಯ ಫ್ರೆಂಚ್.

ಹಂತ 9: ಒಂದು ಪುಟ, ಒಂದು ಧಾತು

ನೋಟ್‌ಬುಕ್ಕಿನ ಒಂದು ಪುಟದ ನಡುವೆ ಧಾತು ಮತ್ತು ಅದರ ಮೂರು ರೂಪ ಬರೆಯಿರಿ. ಸುತ್ತಲೂ ಉಪಸರ್ಗಗಳನ್ನು ದಿಕ್ಕಿಗೆ ತಕ್ಕಂತೆ ಹಾಕಿ. ಪ್ರೊ ಬಲಕ್ಕೆ, ರೆಟ್ರೋ ಎಡಕ್ಕೆ, ಡಿ ಕೆಳಗೆ, ಹೀಗೆ. ಒಂದೊಂದು ಪದಕ್ಕೂ ನಿಮ್ಮದೇ ಒಂದು ವಾಕ್ಯ ಇರಲಿ. ನಿಘಂಟಿನ ವಾಕ್ಯ ನಕಲು ಮಾಡಿದರೆ ಕೈ ನೋಯುತ್ತದೆ, ತಲೆಗೆ ಏನೂ ಹೋಗುವುದಿಲ್ಲ. ಪುಟ ತುಂಬಿಸಲು ಅವಸರ ಬೇಡ. ಜಾಗ ಖಾಲಿ ಬಿಡಿ. ಓದುವಾಗ ಹೊಸ ನೆಂಟರು ಸಿಕ್ಕಾಗ ಸೇರಿಸುತ್ತಾ ಹೋಗಿ.

ಮರುದಿನ ಪುಟ ಮುಚ್ಚಿ, ಬರೀ ಉಪಸರ್ಗ ನೆನೆದು ಪದ ಹೇಳಲು ನೋಡಿ. ಕೆಲವು ದಿನ ಬಿಟ್ಟು ಮತ್ತೆ. ಆಮೇಲೆ ಇನ್ನೂ ಜಾಸ್ತಿ ದಿನ ಬಿಟ್ಟು ಮತ್ತೆ. ಓದುವಾಗ ಅಪರಿಚಿತ ಪದ ಎದುರಾದರೆ ಮೊದಲು ಬಿಡಿಸಿ ಊಹಿಸಿ, ವಾಕ್ಯಕ್ಕೆ ಹೊಂದುತ್ತದಾ ನೋಡಿ, ಕೊನೆಗೆ ನಿಘಂಟು. ‘ಸ್ಪೀಷಸ್ ಆರ್ಗ್ಯುಮೆಂಟ್’ ಎಂದರೆ ಏನಿರಬಹುದು? ನೋಟ, ರೂಪ ಎಂಬ ಎಳೆ ಹಿಡಿದರೆ ‘ನೋಡಲು ಚೆನ್ನಾಗಿದೆ, ಒಳಗೆ ಟೊಳ್ಳು’ ಎಂಬಲ್ಲಿಗೆ ನೀವೇ ತಲುಪಬಹುದು. ಕೆಲವೊಮ್ಮೆ ಊಹೆ ತಪ್ಪುತ್ತದೆ. ತಪ್ಪಿದ ಪದ ಹೆಚ್ಚು ದಿನ ನೆನಪಿರುತ್ತದೆ, ಹಾಗಾಗಿ ನಷ್ಟವೇನಿಲ್ಲ.

ಮುಂದಿನ ಧಾತು ಯಾವುದು?

‘ಹೊರು’ ಎಂಬ ಅರ್ಥದ ಪೋರ್ಟ್ ತೆಗೆದುಕೊಳ್ಳಿ. ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್, ರಿಪೋರ್ಟ್, ಸಪೋರ್ಟ್. ರೂಪ ಬದಲಾಗುವುದು ಕಡಿಮೆ, ಅರ್ಥವೂ ನೇರ. ಆಮೇಲೆ ‘ಎಸೆ’ ಎಂಬ ಅರ್ಥದ ಜೆಕ್ಟ್: ಇಂಜೆಕ್ಟ್, ರಿಜೆಕ್ಟ್, ಪ್ರಾಜೆಕ್ಟ್, ಎಜೆಕ್ಟ್. ಸ್ಪೆಕ್ಟ್‌ಗೆ ಕಲಿತ ಉಪಸರ್ಗಗಳೇ ಇಲ್ಲೂ ಕೆಲಸಕ್ಕೆ ಬರುತ್ತವೆ. ‘ಮಾಡು’ ಎಂಬ ಅರ್ಥದ ಧಾತುವನ್ನು ಮಾತ್ರ ಸ್ವಲ್ಪ ತಡೆದು ಹಿಡಿಯಿರಿ. ಫ್ಯಾಕ್ಟರಿಯಲ್ಲಿ ‘ಫ್ಯಾಕ್ಟ್’, ಎಫೆಕ್ಟ್‌ನಲ್ಲಿ ‘ಫೆಕ್ಟ್’, ಎಫಿಷಿಯಂಟ್‌ನಲ್ಲಿ ‘ಫಿಷ್’, ಸಿಂಪ್ಲಿಫೈನಲ್ಲಿ ‘ಫೈ’, ಡಿಫೀಟ್‌ನಲ್ಲಿ ‘ಫೀಟ್’ ಎಂದು ಅದು ವೇಷ ಬದಲಿಸುತ್ತಲೇ ಇರುತ್ತದೆ. ಶುರುವಿನಲ್ಲೇ ಅದಕ್ಕೆ ಕೈ ಹಾಕಿದರೆ ಬೇಸರ ಬಂದುಬಿಡುತ್ತದೆ. ನಾಲ್ಕೈದು ಧಾತು ಆದಮೇಲೆ ಅದರ ಪುಟ ತೆರೆಯಿರಿ, ಮತ್ತು ಒಂದಲ್ಲ, ಎರಡು ಪುಟ ಬಿಡಿ.